ಹಿಂದೆ ತಿರುಗದ ಹನ್ನೊಂದು ಹುಡುಗಿಯರು

ನನಗೆ ಫುಟ್‌ಬಾಲ್ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಹೆಡ್‌ಮಾಸ್ಟರ್ ಕರೆಸಿ, ಈ ವರ್ಷ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಬೇಕು, ನವೆಂಬರಿನಲ್ಲಿ ಶಿವಮೊಗ್ಗದಲ್ಲೇ ಅಂತರ ಶಾಲಾ ಪಂದ್ಯಾವಳಿ ಇದೆ ಎಂದಾಗ ನನ್ನ ಕೈಯಲ್ಲಿ ಖೋ ಖೋ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಡಬ್ಬಿ ಇತ್ತು. ಅದನ್ನು ಕೆಳಗಿಡುವಷ್ಟು ಹೊತ್ತೂ ಯೋಚಿಸದೆ ಆಗಲಿ ಸರ್ ಎಂದೆ.

"ನಿಮಗೆ ಕಷ್ಟ ಆದ್ರೆ ಹೇಳಿ ಮೇಡಂ. ಹೊರಗಿನಿಂದ ಕೋಚ್ ಕರೆಸೋಣ. ಕಮಿಟಿಯವರು ಒಪ್ಪಿದ್ದಾರೆ," ಎಂದರು.

"ಬೇಡ ಸರ್, ನಾನೇ ನೋಡ್ಕೋತೀನಿ."

"ನೋಡಿ ಹಾಗಾದ್ರೆ. ಆಗ್ಲಿಲ್ಲ ಅಂದ್ರೆ ನವೆಂಬರ್ ಆದ್ಮೇಲೆ ಕರೆಸಿದ್ರಾಯ್ತು."

ಹೊರಗಿನ ಕೋಚ್ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಅದಕ್ಕೆ ಕಾರಣವಿದೆ. ಪಕ್ಕದ ಬಡಾವಣೆಯ ಶಾಲೆಯಲ್ಲಿ ನನ್ನ ಗೆಳತಿಯೊಬ್ಬಳು ದೈಹಿಕ ಶಿಕ್ಷಕಿ. ಅಲ್ಲಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಲು ಹೊರಗಿನ ಕೋಚ್ ಬಂದರು, ಆಮೇಲೆ ಓಟಕ್ಕೆ ಇನ್ನೊಬ್ಬರು ಬಂದರು. ಈಗ ಬೆಳಗಿನ ಪ್ರಾರ್ಥನೆಗೆ ಮಕ್ಕಳ ಸಾಲು ನೇರ ಮಾಡುವುದು, ಸೋಮವಾರ ಉಗುರು ನೋಡುವುದು, ಇಷ್ಟೇ ಅವಳ ಕೆಲಸ. ಆಲ್ಕೊಳದ ನಮ್ಮ ಶಾಲೆಯ ಮೈದಾನ ಹದಿನಾರು ವರ್ಷದಿಂದ ನನ್ನದು. ಅಲ್ಲಿ ಹುಡುಗಿಯರು ನನ್ನ ಸೀಟಿಗೆ ಓಡುತ್ತಾರೆ, ನನ್ನ ಸೀಟಿಗೆ ನಿಲ್ಲುತ್ತಾರೆ. ಇನ್ನೊಬ್ಬರು ಬಂದು ಅವರ ಹೆಸರು ಹಿಡಿದು ಕೂಗುವುದನ್ನು ನಾನು ಸುಣ್ಣದ ಡಬ್ಬಿ ಹಿಡಿದು ನೋಡುವುದೆಂದರೆ ಆಗದ ಮಾತು.

ತಂಡಕ್ಕೆ ಹುಡುಗಿಯರನ್ನು ಹುಡುಕುವ ಕಷ್ಟ ಬರಲಿಲ್ಲ. ನನ್ನ ಖೋ ಖೋ ತಂಡದ ಹುಡುಗಿಯರೇ ಇದ್ದರು. ಆರು, ಏಳನೇ ತರಗತಿಯವರು, ಮೂರು ವರ್ಷದಿಂದ ನನ್ನ ಕೈಯಲ್ಲಿ ಪಳಗಿದವರು. ಖೋ ಖೋ ಆಟದಲ್ಲಿ ಪ್ರತಿ ವರ್ಷ ತಾಲ್ಲೂಕಿನ ಕಪ್ ನಮ್ಮ ಶಾಲೆಗೇ ಬರುತ್ತಿತ್ತು. ಓಟ, ದಮ್ಮು, ಧೈರ್ಯ ಎಲ್ಲ ಇದೆ. ಚೆಂಡೊಂದನ್ನು ಕೊಟ್ಟರೆ ಮುಗಿಯಿತು ಎಂದುಕೊಂಡೆ.

ಮೊದಲ ವಾರ ಮೊಬೈಲಿನಲ್ಲಿ ವಿಡಿಯೋ ನೋಡಿ ಒಂದು ನೋಟ್‌ಬುಕ್ ತುಂಬ ಬರೆದುಕೊಂಡೆ. ಪಾಸ್ ಕೊಡುವುದು ಹೆಬ್ಬೆರಳಿನಿಂದಲ್ಲ, ಪಾದದ ಒಳಬದಿಯಿಂದ. ನೆಲಕ್ಕೂರುವ ಕಾಲು ಚೆಂಡಿನ ಪಕ್ಕದಲ್ಲಿ ಒಂದು ಗೇಣು ದೂರ ಇರಬೇಕು, ಅದರ ಬೆರಳುಗಳು ಚೆಂಡು ಹೋಗಬೇಕಾದ ಕಡೆಗೆ ಮುಖ ಮಾಡಿರಬೇಕು. ಒದೆಯುವ ಕಾಲಿನ ಪಾದದ ಕೀಲು ಬಿಗಿಯಾಗಿರಬೇಕು. ಸಡಿಲ ಬಿಟ್ಟರೆ ಚೆಂಡು ಎಲ್ಲಿಗೋ ಹೋಗುತ್ತದೆ. ಬರುವ ಚೆಂಡಿಗೆ ಕಾಲು ಅಡ್ಡ ಇಟ್ಟು ಗೋಡೆಯ ಹಾಗೆ ನಿಲ್ಲಬಾರದು. ತಾಗುವ ಹೊತ್ತಿಗೆ ಪಾದವನ್ನು ತುಸು ಹಿಂದಕ್ಕೆಳೆದುಕೊಳ್ಳಬೇಕು, ಆಗ ಚೆಂಡು ಎಗರದೆ ಕಾಲ ಬುಡದಲ್ಲೇ ನಿಲ್ಲುತ್ತದೆ.

ಓದುವಾಗ ಎಲ್ಲ ಸಲೀಸು. ಮೈದಾನಕ್ಕಿಳಿದರೆ ಹುಡುಗಿಯರೆಲ್ಲ ಹೆಬ್ಬೆರಳಿನಿಂದಲೇ ಒದ್ದರು. ಎರಡೇ ದಿನಕ್ಕೆ ನಾಲ್ವರ ಬೆರಳು ಊದಿಕೊಂಡವು. ಒಬ್ಬಳ ತಾಯಿ ಶಾಲೆಗೇ ಬಂದು, "ನಮ್ ಹುಡ್ಗಿ ಚಪ್ಲಿ ಹಾಕ್ಕೊಳ್ಳೋಕಾಗ್ತಿಲ್ಲ ಮೇಡಂ, ಏನಾಡಿಸ್ತಿದೀರ ನೀವು," ಎಂದು ಕೇಳಿದರು. ಕ್ರೀಡಾ ಸಾಮಗ್ರಿ ಅಂಗಡಿಗೆ ಹೋಗಿ ವಿಷಯ ಹೇಳಿದರೆ ಅಂಗಡಿಯವರು ನಕ್ಕರು. ನಾನು ಆಡಿಸುತ್ತಿದ್ದದ್ದು ಹೈಸ್ಕೂಲ್ ಹುಡುಗರ ಐದನೇ ನಂಬರ್ ಚೆಂಡು. ಈ ವಯಸ್ಸಿನವರಿಗೆ ನಾಲ್ಕನೇ ನಂಬರ್ ಸಾಕಂತೆ. ಅದು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಚೆಂಡು ಬದಲಾದ ಮೇಲೆ ಕೆಲಸ ಸಾಗಿತು. ಇಬ್ಬಿಬ್ಬರನ್ನು ಎದುರುಬದುರು ಐದು ಹೆಜ್ಜೆ ದೂರ ನಿಲ್ಲಿಸಿ ಪಾಸ್ ಮಾಡಿಸಿದೆ. ಹತ್ತು ಸಲ ತಪ್ಪದೆ ಆದರೆ ಹತ್ತು ಹೆಜ್ಜೆ ದೂರ. ಥ್ರೋ ಎಸೆಯುವಾಗ ಎರಡು ಪಾದವೂ ನೆಲದಲ್ಲಿರಬೇಕು, ಚೆಂಡು ತಲೆಯ ಹಿಂದಿನಿಂದ ಬರಬೇಕು ಎಂದು ಹೇಳಿ ಹೇಳಿ ಗಂಟಲು ಬತ್ತಿತು. ಅವರಿಗೆ ಎಸೆಯುವ ಮುಂಚೆ ಒಂದು ಕುಪ್ಪಳಿಸದಿದ್ದರೆ ಸಮಾಧಾನವಿಲ್ಲ. ಆಗಸ್ಟ್ ಬರುವ ಹೊತ್ತಿಗೆ ನನ್ನ ಹುಡುಗಿಯರು ಚೆಂಡು ತಳ್ಳಿಕೊಂಡು ಓಡಿದರೆ ಹೈಸ್ಕೂಲ್ ಹುಡುಗರೂ ಹಿಂದೆ ಬೀಳುತ್ತಿದ್ದರು. ಸೆಂಟರ್ ಫಾರ್ವರ್ಡ್ ಆಡುವ ಹುಡುಗಿಯಂತೂ ಖೋ ಖೋ ಆಟದಲ್ಲಿ ನನ್ನ ಅತ್ಯುತ್ತಮ ಚೇಸರ್. ಆಟೋ ಓಡಿಸುವವರ ಮಗಳು, ಮನೆಯಲ್ಲಿ ಉರ್ದು, ಮೈದಾನದಲ್ಲಿ ಮೌನ. ಅವಳಿಗೆ ಏನನ್ನೂ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಅವಳನ್ನು ನೋಡಿದಾಗಲೆಲ್ಲ ಇವಳು ನಾನು ತಯಾರು ಮಾಡಿದವಳು ಎಂದು ಒಳಗೊಳಗೇ ಬೀಗುತ್ತಿದ್ದೆ.

ಸೆಪ್ಟೆಂಬರ್ ಮೊದಲ ಶನಿವಾರ ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ಅಭ್ಯಾಸ ಪಂದ್ಯ ಗೊತ್ತಾಯಿತು. ಬಸ್ಸಿನಲ್ಲಿ ಹೋದೆವು. ಎದುರಾಳಿ ತಂಡದವರು ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್ ಪಕ್ಕದ ಶಾಲೆಯ ಹುಡುಗಿಯರು, ಅವರೂ ಒಂದು ವರ್ಷದಿಂದ ಕಲಿಯುತ್ತಿರುವವರೇ. ಅವರ ಕೋಚ್ ಐವತ್ತು ದಾಟಿದ, ಸಣಕಲು ಮೈಯ ಬೈಕ್ ಮೆಕ್ಯಾನಿಕ್. ಮೈದಾನದ ಹಿಂದಿನ ರಸ್ತೆಯಲ್ಲೇ ಗ್ಯಾರೇಜ್. ಅವರ ತಂದೆ ಕಾರ್ಖಾನೆಯಲ್ಲಿದ್ದವರಂತೆ, ಇವರು ಹುಡುಗರಾಗಿದ್ದಾಗ ಅದೇ ಮೈದಾನದಲ್ಲಿ ಆಡಿ ಬೆಳೆದವರಂತೆ. ಮನೆಮಾತು ತಮಿಳು. ಕೊರಳಲ್ಲಿ ಸೀಟಿ ಇಲ್ಲ, ಉಗುರಿನಲ್ಲಿ ಗ್ರೀಸು ಇದೆ. ಚಿಕ್ಕವರು ದೊಡ್ಡವರು ಎಲ್ಲರೂ ಅಣ್ಣ ಎನ್ನುತ್ತಾರೆ.

ಆರು ಸೊನ್ನೆಗೆ ಸೋತೆವು. ಸೋಲಿಗಿಂತ ಸೋತ ರೀತಿ ನೋಡುವಂತಿರಲಿಲ್ಲ. ಅವರ ಹುಡುಗಿಯರಿಗೆ ನಮ್ಮವರ ಅರ್ಧದಷ್ಟೂ ವೇಗವಿಲ್ಲ. ಆದರೆ ಮುಂದೆ ದಾರಿ ಕಟ್ಟಿದ್ದರೆ ಅವರು ಸುಮ್ಮನೆ ಚೆಂಡನ್ನು ಹಿಂದಿನವಳಿಗೆ ಕೊಡುತ್ತಿದ್ದರು, ಅವಳು ಇನ್ನೊಂದು ಬದಿಗೆ ದಾಟಿಸುತ್ತಿದ್ದಳು, ಅಲ್ಲಿ ಯಾರೂ ಇರುತ್ತಿರಲಿಲ್ಲ. ನನ್ನವರು ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ ನುಗ್ಗುವರು, ಮೂವರ ನಡುವೆ ಸಿಕ್ಕಿಬೀಳುವರು, ಚೆಂಡು ಕಳೆದುಕೊಳ್ಳುವರು. ಬಲಬದಿಯಲ್ಲಿ ಆಡುತ್ತಿದ್ದವಳು ಒಮ್ಮೆ ಚೆಂಡನ್ನು ಮೂಲೆಯವರೆಗೂ ಒಯ್ದಳು. ಅಲ್ಲಿಂದ ನಡುವಿಗೆ ತಿರುಗಬೇಕಲ್ಲ, ತಿರುಗಲಿಲ್ಲ. ಕಾರ್ನರ್ ಧ್ವಜದ ಕೋಲನ್ನು ಒಂದು ಸುತ್ತು ಹಾಕಿಕೊಂಡು ವಾಪಸ್ ಓಡಿ ಬಂದಳು. ಚೆಂಡು ಅಷ್ಟರಲ್ಲಿ ಗೆರೆಯಾಚೆ ಉರುಳಿತ್ತು. ನೋಡುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಪಂದ್ಯ ಮುಗಿದ ಮೇಲೆ ಆ ಮೆಕ್ಯಾನಿಕ್ ಚಹಾ ತರಿಸಿಕೊಟ್ಟು ಪಕ್ಕದಲ್ಲಿ ನಿಂತರು.

"ತಪ್ ತಿಳ್ಕೋಬೇಡಿ ಮೇಡಂ. ನಿಮ್ ಹುಡ್ಗೀರ ಓಟ ನಮ್ಮೋರಿಗೆ ಜನ್ಮದಲ್ಲಿ ಬರಲ್ಲ. ಆದ್ರೆ ಒಬ್ಳೂ ಹಿಂದೆ ತಿರುಗಲ್ವಲ್ಲ, ಯಾಕೆ?"

ಯಾಕೆಂದು ನನಗೆ ಅವರು ಕೇಳುವ ಮುಂಚೆಯೇ ಹೊಳೆದಿತ್ತು, ಆ ಹುಡುಗಿ ಕೋಲು ಸುತ್ತಿದಾಗಲೇ. ಖೋ ಖೋ ಆಟದಲ್ಲಿ ಅಟ್ಟಿಸಿಕೊಂಡು ಹೋಗುವವಳು ಒಮ್ಮೆ ದಿಕ್ಕು ಹಿಡಿದ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ. ಭುಜ ತಿರುಗಿದರೂ ಫೌಲು. ತಿರುಗಬೇಕೆಂದರೆ ತುದಿಯ ಕಂಬದವರೆಗೂ ಹೋಗಿ ಸುತ್ತಿಯೇ ಬರಬೇಕು. ಮೂರು ವರ್ಷ ಪ್ರತಿದಿನ, ಯಾರ ಭುಜ ಒಂದಿಷ್ಟು ಹೊರಳಿದರೂ ಸೀಟಿ ಊದಿದವಳು ನಾನು. ಹಿಂದಿರುವುದು ಇಲ್ಲವೇ ಇಲ್ಲ ಎಂದು ಅವರ ಮೈಗೆ ಕಲಿಸಿದವಳು ನಾನು.

"ಹೊಸಬ್ರು ಅಲ್ವಾ, ಕಲೀತಾರೆ," ಎಂದೆ.

ಅವರು ಇನ್ನೇನೂ ಕೇಳಲಿಲ್ಲ. ಅದೂ ನನಗೆ ಹಿಡಿಸಲಿಲ್ಲ. ಮೊದಲ ಸಲ ನೋಡಿದವರಿಗೆ ಹತ್ತು ನಿಮಿಷದಲ್ಲಿ ಕಂಡದ್ದು ಮೂರು ತಿಂಗಳು ಅಲ್ಲೇ ನಿಂತ ನನಗೆ ಕಂಡಿರಲಿಲ್ಲವಲ್ಲ, ಅದಕ್ಕೆ ಹೊಟ್ಟೆ ಉರಿಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗಿಯರ ಬಾಯಲ್ಲಿ ಆ ಅಣ್ಣನದೇ ಮಾತು. ಗೋಲ್‌ಕೀಪರ್ ಹುಡುಗಿಗೆ ಅವರು ವಿರಾಮದಲ್ಲಿ ಮೊಣಕೈ ತರಚದ ಹಾಗೆ ಬೀಳುವುದನ್ನು ತೋರಿಸಿದ್ದರಂತೆ. ಇನ್ನೊಬ್ಬಳ ಶೂ ಲೇಸ್ ಬಿಗಿಯಾಗಿ ಕಟ್ಟುವ ರೀತಿ ಹೇಳಿದ್ದರಂತೆ. ನಾನು ಕಿಟಕಿಗೆ ಮುಖ ಮಾಡಿ ನಿದ್ದೆ ಬಂದವಳಂತೆ ಕೂತೆ.

ಸೋಮವಾರದಿಂದ ನಾನೇ ಸರಿ ಮಾಡುತ್ತೇನೆಂದು ಹೊರಟೆ. "ತಿರುಗು, ತಿರುಗು," ಎಂದು ಕೂಗಿದೆ. ಅವರು ತಿರುಗಿದರು, ಆದರೆ ಲಾರಿ ತಿರುಗಿಸಿದ ಹಾಗೆ ಅರ್ಧ ಮೈದಾನ ಬಳಸಿ. ಅದೇ ದಿನಗಳಲ್ಲಿ ಸಂಜೆ ಖೋ ಖೋ ಅಭ್ಯಾಸವೂ ನಡೆಯುತ್ತಿತ್ತು, ಅಕ್ಟೋಬರ್ ಕೊನೆಗೆ ತಾಲ್ಲೂಕು ಪಂದ್ಯ. ಬೆಳಿಗ್ಗೆ ತಿರುಗು ಎನ್ನುತ್ತಿದ್ದ ನಾನೇ ಸಂಜೆ ತಿರುಗಿದ್ದಕ್ಕೆ ಸೀಟಿ ಊದುತ್ತಿದ್ದೆ.

ಮೂರು ವಾರ ಕಳೆಯಿತು. ಒಂದು ದಿನ ಅಭ್ಯಾಸದಲ್ಲಿ ನಮ್ಮ ಸೆಂಟರ್ ಫಾರ್ವರ್ಡ್ ಚೆಂಡು ಬರುವ ಮುಂಚೆ ಕತ್ತು ಹೊರಳಿಸಿ ಬೆನ್ನ ಹಿಂದೆ ನೋಡಿದ್ದು ಕಂಡಿತು. ಒಂದು ಪಾದ ಮುಂದೆ, ಒಂದು ಹಿಂದೆ, ಮೈ ಅಡ್ಡವಾಗಿ ಇಟ್ಟು ನಿಂತಿದ್ದಳು. ಚೆಂಡು ಬಂದದ್ದೇ ದೂರದ ಕಾಲಿನಿಂದ ಅದನ್ನು ತನ್ನ ಪಕ್ಕದಿಂದಲೇ ಹಿಂದಕ್ಕೆ ಬಿಟ್ಟುಕೊಂಡು ಅಲ್ಲೇ ತಿರುಗಿ ಹೋದಳು. ಒಂದೂವರೆ ಹೆಜ್ಜೆಯಲ್ಲಿ ಕೆಲಸ ಮುಗಿದಿತ್ತು. ಎಷ್ಟು ಚೆಂದವಿತ್ತೆಂದರೆ, ಇದು ನನ್ನದಲ್ಲ ಎಂದು ಆ ಕ್ಷಣವೇ ಗೊತ್ತಾಯಿತು.

"ಇದನ್ನ ಯಾರು ಹೇಳ್ಕೊಟ್ರು?"

"ಮೊಬೈಲಲ್ಲಿ ನೋಡಿದ್ದು ಮಿಸ್."

ಎರಡು ನಿಮಿಷ ಬಿಟ್ಟು, ಇನ್ನೊಬ್ಬಳ ಕಾಲಿಗೆ ಚೆಂಡು ಹೋಗುವಾಗ ಅವಳೇ ಕೂಗಿದಳು: "ಪಾರ್ತು." ನೋಡಿಕೊಂಡು ಎಂಬುದಕ್ಕೆ ಭದ್ರಾವತಿಯ ಆ ಮೆಕ್ಯಾನಿಕ್ ಪಂದ್ಯದುದ್ದಕ್ಕೂ ತಮ್ಮ ಹುಡುಗಿಯರಿಗೆ ಕೂಗುತ್ತಿದ್ದ ತಮಿಳು ಮಾತು. ಉರ್ದು ಮನೆಯ ಹುಡುಗಿಯ ಬಾಯಿಗೆ ಅದು ಮೊಬೈಲಿನಿಂದ ಬಂದಿರಲಾರದು.

ಮುಂದಿನ ಭಾನುವಾರ ನ್ಯೂ ಟೌನಿನಲ್ಲಿರುವ ನನ್ನ ನಾದಿನಿಯನ್ನು ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಬಸ್ ಹತ್ತಿದೆ. ನಾದಿನಿಯ ಮನೆಗೆ ಹೋಗಲಿಲ್ಲ. ಮೈದಾನದ ಅಂಚಿನ ಮರದ ಕೆಳಗೆ, ಸೆರಗು ತಲೆಗೆಳೆದುಕೊಂಡು, ಕಳ್ಳಿಯ ಹಾಗೆ ಕೂತೆ. ನಮ್ಮ ಹುಡುಗಿ ಅವರ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು. ಅವಳ ಅಜ್ಜಿಯ ಮನೆ ಅಲ್ಲೇ ಹತ್ತಿರವೆಂದು ಆಮೇಲೆ ತಿಳಿಯಿತು. ಮೆಕ್ಯಾನಿಕ್ ಹಳೆಯ ಟಯರುಗಳನ್ನು ನೆಲಕ್ಕೆ ಅರ್ಧ ಹೂತು ಸಾಲಾಗಿ ನಿಲ್ಲಿಸಿದ್ದರು, ಚೆಂಡು ಅವುಗಳ ಸಂದಿಯಲ್ಲಿ ಹೋಗಬೇಕು. ಗೋಲ್ ಕಂಬಗಳ ಕಡೆ ಯಾರೂ ಹೋಗುತ್ತಿರಲಿಲ್ಲ. ಆಡುವವಳ ಬೆನ್ನ ಹಿಂದೆ ಅವರು ಬೆರಳು ಎತ್ತಿ ನಿಲ್ಲುವರು. ಚೆಂಡು ಎದುರಿನಿಂದ ಹೊರಟ ಮೇಲೆ ಅವಳು ಒಮ್ಮೆ ಹಿಂದೆ ನೋಡಿ ಎಷ್ಟು ಬೆರಳು ಎಂದು ಹೇಳಬೇಕು, ಹೇಳಿದ ಮೇಲೆಯೇ ಚೆಂಡು ಮುಟ್ಟಬೇಕು. ಹೇಳದವಳಿಗೆ ಬೈಗುಳವಿಲ್ಲ, ಇನ್ನೊಂದು ಸಲ ಅಷ್ಟೇ. ನಮ್ಮ ಹುಡುಗಿ ಮೂರು ಎಂದಳು, ತಿರುಗಿದಳು. ಅವರು ಅವಳ ತಲೆಯ ಮೇಲೆ ಮೆಲ್ಲಗೆ ಒಂದು ಕೈ ಇಟ್ಟರು. ಅವಳು ನಕ್ಕಳು. ಮೂರು ವರ್ಷದಲ್ಲಿ ಅವಳು ನನ್ನ ಮುಂದೆ ಹಾಗೆ ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆಗ ನನಗೆ ಆದದ್ದು ಬರೀ ಅಸೂಯೆ, ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ. ಅವಳು ಕಲಿಯುತ್ತಿದ್ದಾಳೆ ಎಂದು ಸಂತೋಷವಾಗಲಿಲ್ಲ. ಆ ಮನುಷ್ಯನ ಗ್ಯಾರೇಜಿಗೆ ಬೀಗ ಬೀಳಲಿ ಎನಿಸಿತು. ಬಸ್ಸಿನಲ್ಲಿ ಕೂತು ಆಲ್ಕೊಳ ಸರ್ಕಲ್ ಬರುವವರೆಗೂ ಇಬ್ಬರನ್ನೂ ಮನಸ್ಸಿನಲ್ಲೇ ಬೈದೆ.

ಅದರ ಮುಂದಿನ ಶನಿವಾರ ಶಿವಮೊಗ್ಗದ ಇನ್ನೊಂದು ಶಾಲೆಯ ತಂಡ ನಮ್ಮ ಮೈದಾನಕ್ಕೆ ಬಂತು. ಹೆಡ್‌ಮಾಸ್ಟರ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹನ್ನೊಂದು ಹೆಸರು ಓದಿದೆ, ಸೆಂಟರ್ ಫಾರ್ವರ್ಡ್ ಹೆಸರು ಓದಲಿಲ್ಲ. ಅವಳು ಶೂ ಲೇಸ್ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ನೀನು ಇವತ್ತು ನೀರಿನ ಬಾಟಲ್ ನೋಡ್ಕೋ," ಎಂದೆ.

ಗೋಲ್‌ಕೀಪರ್ ಹುಡುಗಿ ಬಟ್ಟೆ ವ್ಯಾಪಾರಿಗಳ ಮಗಳು, ಬಾಯಿ ಸುಮ್ಮನಿರುವುದಿಲ್ಲ. "ಅವಳನ್ನ ಯಾಕೆ ಬಿಟ್ರಿ ಮಿಸ್? ಹುಷಾರಿಲ್ವಾ?" ಎಂದು ಕೇಳಿದಳು.

"ಶಿಸ್ತು ಇಲ್ಲ," ಎಂದೆ.

ಮೂರು ಸೊನ್ನೆಗೆ ಸೋತೆವು, ಅದೂ ಭದ್ರಾವತಿಯವರಷ್ಟು ಚೆನ್ನಾಗಿ ಆಡದವರ ಎದುರು. ಆ ಹುಡುಗಿ ವಿರಾಮದಲ್ಲಿ ಒಬ್ಬೊಬ್ಬರಿಗೂ ಬಾಟಲ್ ಕೊಟ್ಟಳು, ಮುಗಿದ ಮೇಲೆ ಎಲ್ಲ ಬಾಟಲ್ ಎಣಿಸಿ ಬುಟ್ಟಿಗಿಟ್ಟಳು. ಅಳಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಹೆಡ್‌ಮಾಸ್ಟರ್ ಎದ್ದು ಬಂದು, "ಒಂದ್ ತಿಂಗಳೂ ಇಲ್ಲ ಮೇಡಂ. ಭದ್ರಾವತಿಯಲ್ಲಿ ಯಾರೋ ಮೆಕ್ಯಾನಿಕ್ ಚೆನ್ನಾಗಿ ಕಲಿಸ್ತಾರಂತೆ, ಅವರನ್ನ ಕೇಳಿಸ್ಲಾ?" ಎಂದರು. ಎರಡು ದಿನ ಟೈಮ್ ಕೊಡಿ ಸರ್ ಎಂದೆ.

ಆ ಎರಡು ದಿನ ನಾನು ನನ್ನ ನೋಟ್‌ಬುಕ್ ತಿರುವಿ ಹಾಕಿದೆ. ಪಾಸ್, ಥ್ರೋ, ಆಫ್‌ಸೈಡ್ ಎಲ್ಲ ಇತ್ತು. ಅದರಲ್ಲಿ ಇಲ್ಲದ್ದು ಒಂದೇ, ಅದನ್ನು ಬರೆಯಲು ನನಗೆ ಮನಸ್ಸಿರಲಿಲ್ಲ. ಹುಡುಗಿಯರ ಮೈ ಒಂದೇ ಸಲ ಎರಡು ಆಟ ಕಲಿಯಲಾರದು. ಫುಟ್‌ಬಾಲ್ ಬೇಕೆಂದರೆ ಖೋ ಖೋ ನಿಲ್ಲಿಸಬೇಕು, ಅಂದರೆ ತಾಲ್ಲೂಕು ಪಂದ್ಯಕ್ಕೆ ಹೋಗುವಂತಿಲ್ಲ. ಖೋ ಖೋ ನಾನು ಕಾಲೇಜಿನಲ್ಲಿ ಆಡಿದ ಆಟ, ನನಗೆ ನಿಜವಾಗಿ ಬರುವ ಒಂದೇ ಒಂದು ವಿದ್ಯೆ. ಸೋಮವಾರ ಬೆಳಿಗ್ಗೆ ತಾಲ್ಲೂಕು ಪಂದ್ಯಕ್ಕೆ ಈ ಸಲ ನಮ್ಮ ತಂಡ ಬರುವುದಿಲ್ಲವೆಂದು ಪತ್ರ ಬರೆದು ಕೊಟ್ಟೆ. ಅಂಕಣದ ಎರಡೂ ಕಂಬ ಕೀಳಿಸಿ ಕೊಠಡಿಗೆ ಹಾಕಿಸಿದೆ. ಸಂಜೆ ಭದ್ರಾವತಿಯ ಬಸ್ ಹತ್ತಿದೆ.

ಗ್ಯಾರೇಜಿನಲ್ಲಿ ಅವರು ಒಂದು ಹಳೆಯ ಸ್ಕೂಟರಿನ ಇಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದರು. ನನ್ನನ್ನು ಕಂಡು ಒಂದು ಟಯರಿನ ಮೇಲೆ ಪೇಪರ್ ಹಾಸಿ ಕೂರಿಸಿದರು. ನಿಂತಲ್ಲೇ ಹೇಳಿ ಹೋಗೋಣವೆಂದು ಬಂದಿದ್ದೆ, ಕೂರಬೇಕಾಯಿತು.

"ಅವತ್ತು ನೀವು ಕೇಳಿದ್ರಲ್ಲ, ಯಾಕೆ ತಿರುಗಲ್ಲ ಅಂತ. ಅವರು ಖೋ ಖೋ ಹುಡುಗೀರು. ತಿರುಗಿದ್ರೆ ಫೌಲು. ಹಾಗೆ ಕಲಿಸಿದ್ದು ನಾನೇ."

ಅವರು ಬಟ್ಟೆಗೆ ಕೈಯ ಗ್ರೀಸು ಒರೆಸಿಕೊಂಡರು. "ಓ, ಅದಕ್ಕೇ ಆ ಹುಡ್ಗಿ ಕೋಲು ಸುತ್ತಿದ್ದು," ಎಂದರು. ನಗಲಿಲ್ಲ. ನಕ್ಕಿದ್ದರೆ ನಾನು ಎದ್ದು ಬರುತ್ತಿದ್ದೆನೇನೋ. "ನಿಮ್ ಸೆಂಟರ್ ಫಾರ್ವರ್ಡು ಇಲ್ಲಿಗ್ ಬರ್ತಾಳೆ ಮೇಡಂ. ನಿಮಗೆ ಹೇಳಿದೀನಿ ಅಂದ್ಲು."

"ಹೇಳಿದಾಳೆ," ಎಂದೆ. ಆ ಸುಳ್ಳು ಯಾಕೆ ಹೇಳಿದೆನೋ ಗೊತ್ತಿಲ್ಲ. ಅವಳನ್ನು ಕಾಯಲೆಂದೋ, ನನ್ನ ಮಾನ ಕಾಯಲೆಂದೋ.

"ಎಲ್ಲರನ್ನೂ ಕರ್ಕೊಂಡ್ ಬನ್ನಿ ಭಾನುವಾರ. ಆದ್ರೆ ಒಂದ್ ಮಾತು. ಮೊದ್ಲು ನೀವ್ ಕಲೀಬೇಕು. ವಾರದಲ್ಲಿ ಆರ್ ದಿನ ಅವರು ನಿಮ್ಮನ್ನ ನೋಡ್ತಾರೆ, ನನ್ನನ್ನಲ್ಲ."

ಅವರು ಗ್ಯಾರೇಜಿನ ಪಕ್ಕದ ಖಾಲಿ ಜಾಗದಲ್ಲೇ ನನ್ನನ್ನು ನಿಲ್ಲಿಸಿದರು. ಸೀರೆಯಲ್ಲಿ, ನಲವತ್ತನಾಲ್ಕನೇ ವಯಸ್ಸಿನಲ್ಲಿ, ನಾಲ್ಕನೇ ನಂಬರ್ ಚೆಂಡಿನೊಂದಿಗೆ. ಮೊದಲು ಬೆನ್ನ ಹಿಂದೆ ನೋಡಿ ಬೆರಳು ಎಣಿಸಬೇಕು. ಮೈ ಅಡ್ಡ ಇಡಬೇಕು, ದೂರದ ಪಾದದಲ್ಲಿ ಚೆಂಡು ತೆಗೆದುಕೊಳ್ಳಬೇಕು, ಮಂಡಿ ಸ್ವಲ್ಪ ಬಗ್ಗಿರಬೇಕು. ಹೇಳಿದ್ದೆಲ್ಲ ತಲೆಗೆ ಹೋಯಿತು, ಭುಜ ಮಾತ್ರ ಒಪ್ಪಲಿಲ್ಲ. ಹತ್ತು ಸಲದಲ್ಲಿ ಹತ್ತು ಸಲವೂ ನೇರ ಮುಂದಕ್ಕೆ ಹೋದೆ. ಹನ್ನೊಂದನೇ ಸಲ ತಿರುಗಿದೆ, ಸೆರಗು ಕಾಲಿಗೆ ತೊಡರಿ ಮಣ್ಣಿಗೆ ಬಿದ್ದೆ. ಎದುರಿನ ಇಡ್ಲಿ ಅಂಗಡಿಯ ಹೆಂಗಸು, "ಪಾವಂ, ಟೀಚರಮ್ಮನ್ನ ಬಿಟ್ಬಿಡು ಅಣ್ಣಾ," ಎಂದಳು. "ಬೀಳೋದು ಒಳ್ಳೇದು ಮೇಡಂ. ಇನ್ನೊಂದ್ ಸಲ," ಎಂದರು ಅವರು.

ಮುಂದಿನ ಮೂರು ಭಾನುವಾರ ಹುಡುಗಿಯರನ್ನೆಲ್ಲ ಕರೆದುಕೊಂಡು ಹೋದೆ. ಸೆಂಟರ್ ಫಾರ್ವರ್ಡ್ ಮೊದಲ ದಿನ ನನ್ನ ಮುಖ ನೋಡದೆ ಸಾಲಿನ ಕೊನೆಗೆ ನಿಂತಳು. ವಾರದ ಉಳಿದ ದಿನ ಶಾಲೆಯಲ್ಲಿ ಅದನ್ನೇ ನಾನು ಮಾಡಿಸಿದೆ. ಮೊದಲ ದಿನ ಎಡಬದಿಯ ಹುಡುಗಿ ಬೆರಳೆಣಿಸಿ ಚೆನ್ನಾಗಿ ತಿರುಗಿದಳು, ನನ್ನ ಬಾಯಿ ತಾನಾಗಿ ಸೀಟಿ ಊದಿಬಿಟ್ಟಿತು. ಎಲ್ಲರೂ ಇದ್ದಲ್ಲೇ ನಿಂತರು. "ಫೌಲಾ ಮಿಸ್?" ಎಂದು ಕೇಳಿದಳು. ಅಲ್ಲ ಮಾರಾಯ್ತಿ, ನನ್ನದೇ ಫೌಲು ಎಂದು ಸೀಟಿ ಕೊರಳಿನಿಂದ ತೆಗೆದು ಚೀಲಕ್ಕೆ ಹಾಕಿದೆ.

ಹೊಟ್ಟೆಕಿಚ್ಚು ಕಡಿಮೆಯಾಯಿತೆಂದರೆ ಸುಳ್ಳಾಗುತ್ತದೆ. ಹದಿನೈದು ಹುಡುಗಿಯರ ಹೆಸರು ಅವರಿಗೆ ಮೊದಲ ಭಾನುವಾರವೇ ಬಾಯಿಪಾಠ. ಅವರು ನೀರು ಕುಡೀರಿ ಎಂದರೆ ಕುಡಿಯುತ್ತಿದ್ದರು, ಅದನ್ನೇ ನಾನು ಹೇಳಿದರೆ ಬಾಯಾರಿಕೆ ಇಲ್ಲ ಮಿಸ್. ಒಂದು ಭಾನುವಾರ ಗೋಲ್‌ಕೀಪರ್ ಬಿದ್ದು ಮೊಣಕಾಲು ಕೆತ್ತಿಕೊಂಡಾಗ ಫಸ್ಟ್ ಏಡ್ ಡಬ್ಬಿ ಹಿಡಿದು ಓಡಿದವಳು ನಾನು, ಅವಳು ನನ್ನ ಹೆಗಲ ಮೇಲಿನಿಂದ ಆಚೆ ನೋಡಿ, "ಅಣ್ಣಾ, ಸರಿಯಾಗಿ ಬಿದ್ನಾ?" ಎಂದು ಕೇಳಿದಳು. ಹತ್ತಿಗೆ ಔಷಧಿ ಜಾಸ್ತಿ ಹಾಕಿ ಒತ್ತಿದೆ. ಅವಳು ಹಾ ಎಂದಳು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಪಂದ್ಯಾವಳಿಯಲ್ಲಿ ನಾವು ಮೊದಲ ಪಂದ್ಯ ಒಂದು ಸೊನ್ನೆಗೆ ಗೆದ್ದೆವು. ಎರಡನೆಯದು ಭದ್ರಾವತಿಯವರ ಎದುರೇ ಬಂತು. ಆ ಬದಿಯ ಬೆಂಚಿನಲ್ಲಿ ಅವರು, ಈ ಬದಿಯಲ್ಲಿ ನಾನು. ಹೆಡ್‌ಮಾಸ್ಟರ್ ಕಮಿಟಿಯ ಇಬ್ಬರನ್ನು ಕರೆದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಮೊದಲರ್ಧದಲ್ಲಿ ಅವರು ಎರಡು ಗೋಲು ಹೊಡೆದರು. ಆದರೆ ಇದು ಸೆಪ್ಟೆಂಬರಿನ ಆಟವಾಗಿರಲಿಲ್ಲ. ನಮ್ಮವರು ಚೆಂಡು ಹಿಂದಕ್ಕೆ ಕೊಡುತ್ತಿದ್ದರು, ಬದಿ ಬದಲಿಸುತ್ತಿದ್ದರು, ಯಾರೂ ಕೋಲು ಸುತ್ತಲಿಲ್ಲ.

ಮುಗಿಯಲು ಐದು ನಿಮಿಷವಿರಬಹುದು. ಸೆಂಟರ್ ಫಾರ್ವರ್ಡ್ ಕಾಲಿಗೆ ಚೆಂಡು ಬಂತು, ಬೆನ್ನು ಗೋಲಿನ ಕಡೆಗಿತ್ತು. ಅವಳು ಅದಕ್ಕೆ ಮುಂಚೆಯೇ ಹಿಂದೆ ನೋಡಿದ್ದು ನನಗೆ ಕಂಡಿತು. ಇಬ್ಬರು ಅವಳ ಬೆನ್ನಿಗೆ ಅಂಟಿಕೊಂಡಿದ್ದರು. ಅವಳು ಚೆಂಡನ್ನು ಒಂದೇ ಮುಟ್ಟಿಗೆ ಎದುರಿದ್ದ ನಮ್ಮವಳಿಗೆ ಕೊಟ್ಟು ಆ ಇಬ್ಬರ ನಡುವಿನಿಂದ ತಿರುಗಿ ಓಡಿದಳು. ಆಮೇಲಿನದು ಬರೀ ಓಟ. ಚೆಂಡು ಅವಳ ಮುಂದೆ ಬಂದು ಬಿತ್ತು, ಪಾದದ ಒಳಬದಿಯಿಂದ ಗೋಲಿನ ಮೂಲೆಗೆ ತಳ್ಳಿದಳು.

ಹುಡುಗಿಯರೆಲ್ಲ ಅವಳ ಮೇಲೆ ಬಿದ್ದರು. ಆ ಗುಂಪಿನಿಂದ ಕತ್ತು ಹೊರಗೆ ಹಾಕಿ ಅವಳು ಮೊದಲು ನೋಡಿದ್ದು ಎದುರು ಬದಿಯ ಬೆಂಚನ್ನು. ತಮ್ಮ ತಂಡದ ಮೇಲೆ ಗೋಲಾಗಿದ್ದರೂ ಆ ಮನುಷ್ಯ ಎದ್ದು ನಿಂತು ಎರಡು ಸಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟುತ್ತಿದ್ದೆ, ಇನ್ನೂ ಜೋರಾಗಿ. ಅವಳು ಈ ಕಡೆ ನೋಡುವ ಹೊತ್ತಿಗೆ ಆಟ ಮತ್ತೆ ಶುರುವಾಗಿತ್ತು.

ಎರಡು ಒಂದಕ್ಕೆ ಸೋತೆವು. ಹೆಡ್‌ಮಾಸ್ಟರ್ ಮಾತ್ರ ಗೆದ್ದವರ ಹಾಗೆ ಕೆಳಗಿಳಿದು ಬಂದರು. ಕಮಿಟಿಯವರ ಮುಂದೆ ನನ್ನ ಕಡೆ ಕೈ ತೋರಿಸಿ, "ಜೂನಲ್ಲಿ ಇವರಿಗೆ ಚೆಂಡು ಯಾವ ಕಡೆ ಒದೀಬೇಕು ಅಂತಾನೂ ಗೊತ್ತಿರ್ಲಿಲ್ಲ. ಹೊರಗಿನ ಕೋಚ್ ಬೇಡ ಅಂತ ಹಠ ಹಿಡಿದು ಒಬ್ರೇ ನಿಂತು ಕಲಿಸಿದಾರೆ ನೋಡಿ. ಮುಂದಿನ ವರ್ಷಾನೂ ಇವರೇ ಇರ್ಲಿ," ಎಂದರು. ಅವತ್ತು ಕೇಳಿದ ಎರಡು ದಿನ ಮುಗಿದ ಮೇಲೆ, ಕೋಚ್ ಬೇಡ ಸರ್, ಭಾನುವಾರ ಹೊರಗೆ ಅಭ್ಯಾಸಕ್ಕೆ ಹೋಗುತ್ತೇವೆ ಎಂದಷ್ಟೇ ಅವರಿಗೆ ಹೇಳಿದ್ದೆ, ಎಲ್ಲಿಗೆ, ಯಾರ ಹತ್ತಿರ ಎಂದು ಹೇಳಿರಲಿಲ್ಲ. ಕಮಿಟಿಯವರು ತಲೆಯಾಡಿಸಿದರು. ನಾನು ನಕ್ಕು ಸುಮ್ಮನಿದ್ದೆ. ಸೆಂಟರ್ ಫಾರ್ವರ್ಡ್ ನನ್ನ ಪಕ್ಕದಲ್ಲೇ ನಿಂತು ಶೂ ಬಿಚ್ಚುತ್ತಿದ್ದಳು.

ಗೇಟಿನ ಕಡೆಗೆ ನಡೆಯುವಾಗ ಅವಳನ್ನು ತಡೆದು ನಿಲ್ಲಿಸಿದೆ. ಒಂದು ತಿಂಗಳಿಂದ ಗಂಟಲಲ್ಲಿದ್ದ ಮಾತು.

"ಅವತ್ತು ನಮ್ಮ ಗ್ರೌಂಡಲ್ಲಿ ನಿನ್ನನ್ನ ಆಡಿಸ್ಲಿಲ್ಲ. ಶಿಸ್ತು ಅಂದೆ. ಅದಕ್ಕಲ್ಲ. ನೀನು ಆ ಅಣ್ಣನ ಹತ್ರ ಕಲಿಯೋಕೆ ಹೋದೆ ಅಂತ ಹೊಟ್ಟೆಕಿಚ್ಚಾಯ್ತು ನನಗೆ. ಅದಕ್ಕೇ."

ಅವಳು ಶೂಗಳನ್ನು ಲೇಸಿಗೆ ಲೇಸು ಗಂಟು ಹಾಕಿ ಹೆಗಲಿಗೆ ಹಾಕಿಕೊಂಡಳು.

"ಗೊತ್ತು ಮಿಸ್. ಎಲ್ಲರಿಗೂ ಗೊತ್ತಿತ್ತು."

ಅವಳು ಹೋಗುವವಳು ಮತ್ತೆ ನಿಂತು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು.

"ಈಗ ಹೆಡ್‌ಮಾಸ್ಟರ್ ಮುಂದೆ ಸುಮ್ನೆ ಇದ್ರಲ್ಲ ಮಿಸ್, ಅದೂ ಅದಕ್ಕೇನಾ?"

ಉತ್ತರಕ್ಕೆ ಕಾಯದೆ ಅವಳು ಗೆಳತಿಯರ ಹಿಂದೆ ಓಡಿದಳು. ಹೆಡ್‌ಮಾಸ್ಟರ್ ಕಮಿಟಿಯವರ ಕಾರಿನ ಬಾಗಿಲು ಹಿಡಿದು ಇನ್ನೂ ಮಾತಾಡುತ್ತಿದ್ದರು. ನಾನು ಅಲ್ಲಿಗೆ ಹೋಗಿ, ಆ ಗೋಲು ಕಲಿಸಿದ್ದು ಎದುರಾಳಿ ತಂಡದ ಕೋಚ್ ಎಂದು ಹೇಳಿದೆ. ಮೂರು ಭಾನುವಾರ, ಟಯರು, ಬೆರಳು, ಎಲ್ಲ ಹೇಳಿದೆ. ಮುಂದಿನ ವರ್ಷ ಜೂನ್‌ನಲ್ಲೇ ಅವರನ್ನು ನಮ್ಮ ಮೈದಾನಕ್ಕೆ ಕರೆಸಿ ಎಂದೆ.

"ನಿಮಗೇನೂ ಬೇಜಾರಿಲ್ವಾ ಮೇಡಂ?" ಎಂದು ಹೆಡ್‌ಮಾಸ್ಟರ್ ಕೇಳಿದರು.

"ಇದೆ ಸರ್," ಎಂದೆ. "ಕರೆಸಿ."